ಪಾಲಿಮರ್ ಕ್ಲೇನಲ್ಲಿ ಹುತ್ತದ ಅಣಬೆ ಮಾಡುವುದು ಹೇಗೆ

ಪಾಲಿಮರ್ ಕ್ಲೇ ಅಣಬೆ ಅಂದರೆ ಎಲ್ಲರೂ ಮಾಡುವುದು ಒಂದೇ. ಕೆಂಪು ಕೊಡೆ, ಮೇಲೆ ಬಿಳಿ ಚುಕ್ಕೆ. ಅದು ಅಮನೀಟಾ ಮಸ್ಕೇರಿಯಾ ಅನ್ನುವ ವಿಷದ ಅಣಬೆ, ಚಳಿ ಪ್ರದೇಶದ ಬರ್ಚ್, ಪೈನ್ ಮರಗಳ ಬುಡದಲ್ಲಿ ಬೆಳೆಯುವಂಥದ್ದು. ನೋಡೋಕೆ ಚೆಂದ, ಇಲ್ಲ ಅನ್ನುವುದಿಲ್ಲ. ಆದರೆ ಬನಶಂಕರಿಯ ನಮ್ಮ ಮನೆ ಟೆರೇಸಿನಲ್ಲಿ, ಅತ್ತೆ ಬೆಳೆಸಿರುವ ದೊಡ್ಡಪತ್ರೆ ಕುಂಡದಲ್ಲಿ ನಿಲ್ಲಬೇಕಾದ್ದು ನಮ್ಮ ಮಳೆಗೆ ಏಳುವ ಅಣಬೆ ಅಂತ ನನ್ನ ಆಸೆ. ಅದಕ್ಕೇ ನಾನು ಹುತ್ತದ ಅಣಬೆ ಮಾಡುತ್ತೇನೆ.

ಹುತ್ತದ ಅಣಬೆಯನ್ನು ಗೆದ್ದಲೇ ಸಾಕುತ್ತದೆ. ಹುತ್ತದೊಳಗೆ ಗೆದ್ದಲು ಬೆಳೆಸುವ ಬೂಷ್ಟಿನಿಂದ ಮಳೆಗಾಲದಲ್ಲಿ ಅದು ಮೇಲೆದ್ದು ಬರುತ್ತದೆ. ಮಣ್ಣಿನ ಕೆಳಗೆ ಬೇರಿನ ಥರ ಉದ್ದಕ್ಕೆ ಇಳಿದಿರುತ್ತದೆ. ಕೊಡೆಯ ನಡುವೆ ಚೂಪಾದ, ಕಂದು ಬಣ್ಣದ ಒಂದು ಮೊನೆ. ಅಂಚಿಗೆ ಹೋದಂತೆ ಬಣ್ಣ ತಿಳಿಯಾಗುತ್ತದೆ. ಪೂರ್ತಿ ಅರಳಿದಾಗ ಅಂಚು ಅಲ್ಲಲ್ಲಿ ಸೀಳುತ್ತದೆ. ಆ ಮೊನೆ, ಆ ಸೀಳು ಬಂತು ಅಂದರೆ ಹಳ್ಳಿಯಲ್ಲಿ ಬೆಳೆದವರು ದೂರದಿಂದಲೇ ಗುರುತು ಹಿಡಿಯುತ್ತಾರೆ.

ಕ್ಲೇ ಬಿಚ್ಚುವ ಮೊದಲು ಒಂದು ನಿಜವಾದ ಅಣಬೆಯ ಕೆಳಭಾಗ ನೋಡಿ. ಇದನ್ನು ದಯವಿಟ್ಟು ಬಿಡಬೇಡಿ. ತುರಹಳ್ಳಿ ಕಾಡಿನ ಕಡೆ ಹೋದಾಗ ನಾನು ಪುಟ್ಟ ಕನ್ನಡಿ ಒಯ್ಯುತ್ತೇನೆ. ಕೊಡೆಯ ಕೆಳಗೆ ಹಿಡಿದರೆ ಕೀಳದೆಯೇ ಎಲ್ಲಾ ಕಾಣುತ್ತದೆ. ಗುರುತಿಲ್ಲದ ಅಣಬೆಯನ್ನು ಮುಟ್ಟುವುದೂ ಬೇಡ, ಮನೆಗೆ ತರುವುದೂ ಬೇಡ. ಅಷ್ಟು ದೂರ ಹೋಗಲು ಆಗದಿದ್ದರೆ ತರಕಾರಿ ಅಂಗಡಿಯ ಬಟನ್ ಅಣಬೆ ಸಾಕು. ಕೊಡೆ ಸ್ವಲ್ಪ ಬಿಚ್ಚಿಕೊಂಡಿರುವುದನ್ನೇ ಆರಿಸಿ, ಕಾಂಡ ಮುರಿದು ತಿರುಗಿಸಿ. ಬ್ಲೇಡಿನಷ್ಟು ತೆಳುವಾದ ಪದರಗಳು ನಡುವಿನಿಂದ ಅಂಚಿನವರೆಗೆ ಸಾಲಾಗಿ ನಿಂತಿರುತ್ತವೆ. ಇನ್ನೂ ಹತ್ತಿರ ಹಿಡಿದು ನೋಡಿ. ಎಲ್ಲಾ ಪದರವೂ ಕಾಂಡದವರೆಗೆ ಬರುವುದಿಲ್ಲ. ಎರಡು ಉದ್ದ ಪದರದ ನಡುವೆ ಒಂದು ಗಿಡ್ಡದು ಅಂಚಿನಿಂದ ಹೊರಟು ಅರ್ಧ ದಾರಿಗೇ ನಿಂತುಬಿಡುತ್ತದೆ. ಕ್ಲೇ ಅಣಬೆ ಆಟಿಕೆ ಥರ ಕಾಣುತ್ತದೋ ನಿಜದ ಥರ ಕಾಣುತ್ತದೋ ಅನ್ನುವುದು ಈ ಗಿಡ್ಡ ಪದರದ ಮೇಲೇ ನಿಂತಿದೆ.

ಈಗ ಕ್ಲೇ. ಅಂಗಡಿಯಲ್ಲಿ ಸುಮ್ನೆ ‘ಕ್ಲೇ’ ಅಂತ ಕೇಳಿದರೆ ಗಾಳಿಗೆ ಒಣಗುವ ಕ್ಲೇ, ಎರಡು ಭಾಗ ಕಲೆಸುವ ಮೌಲ್ಡ್ ಇಟ್, ಮಕ್ಕಳು ಆಡುವ ಕ್ಲೇ, ಯಾವುದಾದರೂ ಕೊಟ್ಟಾರು. ನಮಗೆ ಬೇಕಾದ್ದು ಅವನ್‌ನಲ್ಲಿ ಬೇಯಿಸುವ ಪಾಲಿಮರ್ ಕ್ಲೇ. ಫಿಮೋ, ಸ್ಕಲ್ಪಿ ಎರಡೂ ಚೆನ್ನಾಗಿವೆ. ಇದರಲ್ಲಿರುವುದು ಪಿವಿಸಿ ಅನ್ನುವ ಪ್ಲಾಸ್ಟಿಕ್ ಮತ್ತು ಅದನ್ನು ಮೆತ್ತಗಿಡುವ ಎಣ್ಣೆಯಂಥ ದ್ರವ. ಹಾಗಾಗಿ ಗಾಳಿಗೆ ಒಣಗುವುದಿಲ್ಲ, ಬಿಸಿಗೆ ಮಾತ್ರ ಗಟ್ಟಿಯಾಗುತ್ತದೆ. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನ ಪ್ಯಾಕೆಟ್ಟನ್ನು ಸ್ಕೂಟರ್ ಡಿಕ್ಕಿಯಲ್ಲಿ ಬಿಟ್ಟರೆ ಅಲ್ಲೇ ಅರೆಬೆಂದು ಪುಡಿಪುಡಿಯಾಗುವುದುಂಟು. ತಂದ ತಕ್ಷಣ ತಣ್ಣಗಿನ ಕಪಾಟಿಗೆ ಸೇರಿಸಿ.

ಬಿಳಿ ಎರಡು ಪಾಲು, ಟ್ರಾನ್ಸ್‌ಲೂಸೆಂಟ್ (ಅರೆಪಾರದರ್ಶಕ ಕ್ಲೇ) ಒಂದು ಪಾಲು, ಕಡಲೆಬೇಳೆಯಷ್ಟು ಕಂದು. ಬರೀ ಬಿಳಿಯಲ್ಲಿ ಮಾಡಿದರೆ ಸುಣ್ಣದ ಕಳೆ ಬರುತ್ತದೆ. ಟ್ರಾನ್ಸ್‌ಲೂಸೆಂಟ್ ಸೇರಿದರೆ ಅಣಬೆಯ ಆ ಮೆತ್ತನೆ ಬೆಳಕು ಬರುತ್ತದೆ. ಚಪಾತಿ ಹಿಟ್ಟಿನ ಹಾಗೆ ಚೆನ್ನಾಗಿ ನಾದಿ. ಮಡಚಿದಾಗ ಬಿರುಕು ಬಿಡಬಾರದು, ಅದೇ ಹದ. ತೀರಾ ಅಂಟುತ್ತಿದ್ದರೆ ಎರಡು ಬಿಳಿ ಹಾಳೆಗಳ ನಡುವೆ ಒತ್ತಿಡಿ, ಹೆಚ್ಚಿನ ಎಣ್ಣೆಯನ್ನು ಹಾಳೆ ಹೀರುತ್ತದೆ. ನ್ಯೂಸ್‌ಪೇಪರ್ ಬೇಡ, ಇಂಕ್ ಅಂಟುತ್ತದೆ. ತಿಳಿ ಬಣ್ಣದ ಕೆಲಸ ಮುಗಿಸಿ ಆಮೇಲೆ ಗಾಢ ಬಣ್ಣ ಮುಟ್ಟಿ. ಬೆರಳಿಗೆ ಹತ್ತಿದ ಬಣ್ಣ ಬಿಳಿಗೆ ಬೇಗ ಹಿಡಿಯುತ್ತದೆ. ಪಕ್ಕದಲ್ಲಿ ವೆಟ್ ವೈಪ್ಸ್ ಇರಲಿ.

ಕಾಂಡಕ್ಕೆ ಹಾರ್ಡ್‌ವೇರ್ ಅಂಗಡಿಯಿಂದ ಜಿ.ಐ. ತಂತಿ, ಅಂದರೆ ಸತುವಿನ ಲೇಪವಿರುವ ಕಬ್ಬಿಣದ ತಂತಿ ತನ್ನಿ. ಕಟ್ಟಡದವರ ಬೈಂಡಿಂಗ್ ತಂತಿ ಕುಂಡದ ತೇವಕ್ಕೆ ತುಕ್ಕು ಹಿಡಿಯುತ್ತದೆ. ಹತ್ತು ಸೆಂಟಿಮೀಟರ್ ತುಂಡಿನ ಸುತ್ತ ನಾಲ್ಕು ಸೆಂಟಿಮೀಟರ್ ಉದ್ದಕ್ಕೆ ಕ್ಲೇ ಸುತ್ತಿ ಉರುಳಿಸಿ. ಮೇಲ್ಗಡೆ ಅರ್ಧ ಸೆಂಟಿಮೀಟರ್ ತಂತಿ ಹೊರಗಿರಲಿ, ಕೆಳಗೆ ಉದ್ದದ ಬಾಲ. ಕಾಂಡವನ್ನು ನೆಟ್ಟಗೆ, ನುಣ್ಣಗೆ ಮಾಡಬೇಡಿ. ಬುಡದ ಕಡೆ ಸ್ವಲ್ಪ ದಪ್ಪ, ಸ್ವಲ್ಪ ಓರೆ. ಸೂಜಿಯಿಂದ ಉದ್ದುದ್ದ ಗೀರುಗಳನ್ನು ಎಳೆದರೆ ನಾರು ಬರುತ್ತದೆ.

ಕೊಡೆಗೆ ಎರಡು ಸೆಂಟಿಮೀಟರಿನ ಉಂಡೆ. ಅಂಗೈಯಲ್ಲಿಟ್ಟು ಹೆಬ್ಬೆರಳಿಂದ ಗುಳಿ ಮಾಡಿ, ತಿರುಗಿಸುತ್ತಾ ಅಂಚು ತೆಳು ಮಾಡಿ. ನಡುವಿನ ದಪ್ಪ ಹಾಗೇ ಇರಲಿ. ಹೊರಗಡೆ ನಡುಭಾಗವನ್ನು ಎರಡು ಬೆರಳಲ್ಲಿ ಚಿವುಟಿ ಮೊನೆ ಎತ್ತಿ. ಈಗ ಮೊನೆ ಕೆಳಗೆ, ಗುಳಿ ಮೇಲೆ ಬರುವಂತೆ ಬೋರಲು ಹಾಕಿ, ಫಾಯಿಲ್‌ನಲ್ಲಿ ಮಾಡಿದ ಬಟ್ಟಲಿನಲ್ಲಿ ಕೂರಿಸಿ. ಇಲ್ಲಿಂದ ಕೈ ನಿಧಾನವಾಗಬೇಕು.

ನಡುವೆ ಕಾಂಡ ಕೂರುವ ಜಾಗಕ್ಕೆ ಸಣ್ಣ ಗುರುತು ಮಾಡಿಕೊಳ್ಳಿ. ಬ್ಲೇಡಿನ ಅಂಚಿನಿಂದ ಮೊದಲು ನಾಲ್ಕು ದಿಕ್ಕಿಗೆ ನಾಲ್ಕು ಗೆರೆ ಒತ್ತಿ, ಎಳೆಯಬೇಡಿ. ಎಳೆದರೆ ಕ್ಲೇ ಉಂಡೆಕಟ್ಟಿ ಅಂಚಿಗೆ ಬರುತ್ತದೆ. ಪ್ರತಿ ಕಾಲುಭಾಗವನ್ನು ಮತ್ತೆ ಅರ್ಧ, ಆ ಅರ್ಧವನ್ನು ಮತ್ತೆ ಅರ್ಧ ಮಾಡುತ್ತಾ ಹೋಗಿ. ಒಂದು ಕಡೆಯಿಂದ ಶುರು ಮಾಡಿ ಸುತ್ತು ಹಾಕಿದರೆ ಕೊನೆಗೆ ಜಾಗ ಹೊಂದುವುದಿಲ್ಲ. ಉದ್ದ ಗೆರೆ ಮುಗಿದ ಮೇಲೆ, ನಡುನಡುವೆ ಅಂಚಿನಿಂದ ಅರ್ಧಕ್ಕೆ ನಿಲ್ಲುವ ಗಿಡ್ಡ ಗೆರೆ ಒತ್ತಿ. ಬ್ಲೇಡ್ ಅಂಟಿದರೆ ಕಾರ್ನ್‌ಫ್ಲೋರ್‌ಗೆ ತಾಗಿಸಿ. ಆಮೇಲೆ ಅಂಚಿನಲ್ಲಿ ಎರಡು ಮೂರು ಕಡೆ ಕಚ್ಚು ಹಾಕಿ, ಆ ತುದಿಗಳನ್ನು ಒಂಚೂರು ಮೇಲಕ್ಕೆ ಮಡಚಿ.

ಕಾಂಡದ ತಂತಿಯನ್ನು ನಡುವೆ ಚುಚ್ಚಿ ಮೆಲ್ಲಗೆ ಒತ್ತಿ. ಹಸಿ ಕ್ಲೇಗೆ ಹಸಿ ಕ್ಲೇ ಚೆನ್ನಾಗಿ ಹಿಡಿಯುತ್ತದೆ, ಅಂಟು ಬೇಡ.

ಬಣ್ಣ ಬೇಯಿಸುವ ಮೊದಲೇ. ಸಾಫ್ಟ್ ಪೇಸ್ಟಲ್ ಕಡ್ಡಿಯನ್ನು ಬ್ಲೇಡಿನಿಂದ ಕೆರೆದರೆ ಪುಡಿ ಬರುತ್ತದೆ. ಮೊನೆಗೆ ಕಪ್ಪುಗಂದು, ಸುತ್ತ ಬೂದುಗಂದು, ಅಂಚಿಗೆ ಏನೂ ಬೇಡ. ಮೆತ್ತನೆ ಬ್ರಷ್‌ನಲ್ಲಿ ನಡುವಿನಿಂದ ಹೊರಗೆ ಸವರಿ. ಪದರಗಳಿಗೆ ತೀರಾ ತಿಳಿಯಾದ ಗುಲಾಬಿ ಸಾಕು, ಅರಳಿದ ಹುತ್ತದ ಅಣಬೆಗೆ ಆ ಛಾಯೆ ಇರುತ್ತದೆ.

ಬೇಯಿಸಲು ಓಟಿಜಿ, ಅಂದರೆ ಮನೆಯ ಪುಟ್ಟ ಎಲೆಕ್ಟ್ರಿಕ್ ಅವನ್ ಸಾಕು. ಮೈಕ್ರೋವೇವ್ ಮೋಡ್ ಬೇಡವೇ ಬೇಡ. ಫಿಮೋ ಸಾಫ್ಟ್ ಆದರೆ 110 ಡಿಗ್ರಿ, ಸ್ಕಲ್ಪಿ ಪ್ರೀಮೊ ಆದರೆ 135 ಡಿಗ್ರಿ ಸೆಲ್ಸಿಯಸ್, ಎರಡಕ್ಕೂ 30 ನಿಮಿಷ. ಬೇರೆ ಬ್ರ್ಯಾಂಡಿಗೆ ಪ್ಯಾಕೆಟ್ ಮೇಲೆ ಬರೆದಿರುವುದೇ ಲೆಕ್ಕ. ಓಟಿಜಿಯ ಗುಂಡಿಯನ್ನು ನಂಬಬೇಡಿ, ಒಳಗೆ ಇಡುವ ಅವನ್ ಥರ್ಮಾಮೀಟರ್ ಕೊಳ್ಳಿ. ಈ ಕೆಲಸದಲ್ಲಿ ಕ್ಲೇ ಬಿಟ್ಟರೆ ದುಡ್ಡು ಹಾಕಲೇಬೇಕಾದ ವಸ್ತು ಅದೊಂದೇ. ಬಿಸಿ ಮಿತಿಮೀರಿ ಕ್ಲೇ ಸುಟ್ಟರೆ ಪಿವಿಸಿಯಿಂದ ಕೆಟ್ಟ ಅನಿಲ ಬರುತ್ತದೆ. ಕಿಟಕಿ ತೆಗೆದಿಡಿ, ಪುಟ್ಟ ಮಕ್ಕಳು ಅಡುಗೆಮನೆಯಲ್ಲಿ ಇರುವುದು ಬೇಡ. ಅಣಬೆ ಫಾಯಿಲ್ ಬಟ್ಟಲಿನಲ್ಲಿ ಬೋರಲಾಗಿಯೇ ಬೇಯಲಿ, ಪದರ ನಜ್ಜಾಗುವುದಿಲ್ಲ. ತಂತಿಯ ಬಾಲ ಮೇಲಿನ ರಾಡ್‌ಗೆ ತಾಗದಂತೆ ಪಕ್ಕಕ್ಕೆ ಬಗ್ಗಿಸಿ. ಮೇಲೆ ಸಡಿಲವಾಗಿ ಫಾಯಿಲ್ ಮುಚ್ಚಿ, ಇಲ್ಲದಿದ್ದರೆ ಬಿಳಿ ಕಂದಾಗುತ್ತದೆ.

ಹೊರಗೆ ತೆಗೆದಾಗ ಮೆತ್ತಗೇ ಇರುತ್ತದೆ, ಗಾಬರಿ ಬೇಡ. ಪೂರ್ತಿ ಆರಿದ ಮೇಲೆ ತೆಳು ಅಂಚನ್ನು ಸ್ವಲ್ಪ ಬಗ್ಗಿಸಿ ನೋಡಿ. ಬಾಗಿದರೆ ಬೆಂದಿದೆ. ಪುಡಿಯಾಗಿ ಉದುರಿದರೆ ಬೆಂದಿಲ್ಲ, ಮತ್ತೆ ಅಷ್ಟೇ ಹೊತ್ತು ಇಡಬಹುದು. ಹೊಳಪಿಗೆ ಅಂತ ನೇಲ್ ಪಾಲಿಶ್ ಹಚ್ಚಬೇಡಿ, ಕ್ಲೇ ಅಂಟಂಟಾಗುತ್ತದೆ. ನೀರು ಬೆರೆಸುವ ಅಕ್ರಿಲಿಕ್ ವಾರ್ನಿಶ್, ಅದೂ ಮ್ಯಾಟ್.

ಕುಂಡಕ್ಕೆ ಒಂದೊಂದೇ ನೆಡಬೇಡಿ, ಹುತ್ತದ ಅಣಬೆ ಗುಂಪಾಗಿ ಏಳುತ್ತದೆ. ಒಂದು ಪೂರ್ತಿ ಅರಳಿದ್ದು, ಒಂದು ಅರೆ ಬಿಚ್ಚಿದ್ದು, ಒಂದೆರಡು ಇನ್ನೂ ಮುಚ್ಚಿದ ಮೊನೆ ಮಾತ್ರ. ಮುಚ್ಚಿದ್ದಕ್ಕೆ ಪದರದ ಕೆಲಸವೇ ಇಲ್ಲ, ಮಕ್ಕಳಿಗೆ ಮಾಡಲು ಕೊಡಿ. ಮಳೆ ನೀರಿಗೆ ಏನೂ ಆಗುವುದಿಲ್ಲ. ನೇರ ಬಿಸಿಲಿಗೆ ಮಾತ್ರ ಬಣ್ಣ ಮಂಕಾಗಬಹುದು, ಹಾಗಾಗಿ ಎಲೆಯ ನೆರಳಿರುವ ಕಡೆ ಚುಚ್ಚಿ. ದೊಡ್ಡಪತ್ರೆ ಇದಕ್ಕೆ ಒಳ್ಳೆ ಗಿಡ, ಎಲೆ ದಟ್ಟ. ಚಟ್ನಿ, ತಂಬುಳಿಗೆ ಎಲೆ ಕೀಳುವಾಗ ಮಾತ್ರ ಮನೆಯವರಿಗೆ ಮೊದಲೇ ಹೇಳಿರಿ, ಇವು ತಿನ್ನುವ ಅಣಬೆಯಲ್ಲ ಅಂತ.