ಪಿ2 ವೈರಸ್‌ನ ಮಗ್ಗ, ಪಿ4ರ ಸೀರೆ: ಲ್ಯಾಬಿನಲ್ಲಿ ಪತ್ತೆ ಹಚ್ಚುವ ಬಗೆ

ಪಿ2, ಪಿ4 ಎರಡೂ ಬ್ಯಾಕ್ಟೀರಿಯಾಕ್ಕೆ ಹತ್ತುವ ವೈರಸ್‌ಗಳು; ಪಿ4 ತನ್ನ ಮರಿ ಮಾಡಲು ಪಿ2ರ ಭಾಗಗಳನ್ನೇ ಬಳಸುತ್ತದೆ. ಇಳಕಲ್ಲಿನ ಮಗ್ಗ ನೆನೆಯಿರಿ. ಮಗ್ಗವೂ ನೂಲೂ ಪಿ2 ವೈರಸ್‌ನವು. ಪಿ4 ಬಂದು ತನ್ನ ಸಣ್ಣ ಹಣಿಗೆಯನ್ನಷ್ಟೇ ಕೂಡಿಸುತ್ತದೆ. ಆ ಹಣಿಗೆಯೇ ಸಿಡ್ ಪ್ರೋಟೀನ್. ಅದು ಹೊರಗಿನಿಂದ ಬಿಗಿಹಿಡಿಯುವುದರಿಂದ 60 ನ್ಯಾನೋಮೀಟರ್ ಆಗಬೇಕಿದ್ದ ತಲೆ (ಡಿಎನ್‌ಎ ತುಂಬುವ ಚಿಪ್ಪು) 45ಕ್ಕೇ ನಿಲ್ಲುತ್ತದೆ. ಪಿ4ರ 11.6 ಸಾವಿರ ಬೇಸ್‌ಜೋಡಿ ಉದ್ದದ ಡಿಎನ್‌ಎ ಅದರಲ್ಲಿ ಹಿಡಿಯುತ್ತದೆ, ಪಿ2ರ 33 ಸಾವಿರ ಹಿಡಿಯುವುದಿಲ್ಲ.

ಪಿ2 ಅಡಗಿರುವ ಇ. ಕೋಲಿ ಸಿ ಎಂಬ ಬ್ಯಾಕ್ಟೀರಿಯಾ ತಳಿಯನ್ನು 37 ಡಿಗ್ರಿಯಲ್ಲಿ ಮಿಲಿಲೀಟರಿಗೆ ಸುಮಾರು 20 ಕೋಟಿ ಕೋಶ ಆಗುವವರೆಗೆ ಬೆಳೆಸಿ, ಕೋಶಕ್ಕೆ ಐದರಂತೆ ಪಿ4 ಹಾಕಿರಿ. ಕ್ಯಾಲ್ಸಿಯಂ ಕ್ಲೋರೈಡ್ 2.5 ಮಿಲಿಮೋಲಾರ್ ಇರಲೇಬೇಕು, ಇಲ್ಲದಿದ್ದರೆ ವೈರಸ್ ಕೋಶಕ್ಕೆ ಅಂಟುವುದೇ ಇಲ್ಲ. ಅದನ್ನು ಬೆಳೆಸುವ ದ್ರವದ ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಬೇಯಿಸುವುದು) ಆದಮೇಲೆ ಸೇರಿಸಿರಿ. ಫಾಸ್ಫೇಟ್ ಜೊತೆ ಬೇಯಿಸಿದರೆ ಬೆಳ್ಳಗೆ ತಳಕ್ಕೆ ಕೂಡುತ್ತದೆ. ಬೋರ್‌ವೆಲ್ ನೀರು ಬೇಡ, ಡಿಸ್ಟಿಲ್ಡ್ ನೀರೇ ಬೇಕು. ಕೋಶಗಳು ಒಡೆದು ದ್ರವ ತಿಳಿಯಾದ ಮೇಲೆ ಗಾಜಿನ ಕೊಳವೆಯಲ್ಲಿ ಒಂದೆರಡು ಹನಿ ಕ್ಲೋರೋಫಾರ್ಮ್ ಹಾಕಿ, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ನೀರನ್ನಷ್ಟೇ ತೆಗೆಯಿರಿ. ತಳದ ಕ್ಲೋರೋಫಾರ್ಮ್ ಜೊತೆಗೆ ಬಂದರೆ ಅದೇ ಬ್ಯಾಕ್ಟೀರಿಯಾ ಕೊಂದು ಸುಳ್ಳು ಪ್ಲೇಕ್ (ಬ್ಯಾಕ್ಟೀರಿಯಾ ಸತ್ತ ಜಾಗದ ತಿಳಿ ಚುಕ್ಕೆ) ತೋರಿಸುತ್ತದೆ.

ಈಗ ಎರಡು ತಟ್ಟೆ. ಒಂದರಲ್ಲಿ ಪಿ2 ಇಲ್ಲದ ತಳಿ, ಇನ್ನೊಂದರಲ್ಲಿ ಪಿ2 ಇರುವ ತಳಿ. ತೆಳುಗೊಳಿಸಿದ ದ್ರವ 0.1 ಮಿಲಿ, ಬ್ಯಾಕ್ಟೀರಿಯಾ 0.2 ಮಿಲಿ, 46 ಡಿಗ್ರಿಯ 0.6 ಶೇಕಡಾ ಅಗಾರ್ 3 ಮಿಲಿ ಕಲಸಿ ಸುರಿಯಿರಿ. ಪಿ4 ಎರಡನೆಯದರಲ್ಲಿ ಮಾತ್ರ ಪ್ಲೇಕ್ ಮಾಡುತ್ತದೆ, ಪಿ2 ಮೊದಲನೆಯದರಲ್ಲಿ ಮಾತ್ರ. ಎರಡರಲ್ಲೂ ಬಂದರೆ ಬೆರಕೆ. 10 ಲಕ್ಷ ಪಟ್ಟು ತೆಳುಗೊಳಿಸಿದ ತಟ್ಟೆಯಲ್ಲಿ 62 ಪ್ಲೇಕ್ ಎಂದರೆ ಮಿಲಿಲೀಟರಿಗೆ 62 ಕೋಟಿ.

ವಿಜಯಪುರದ ಏಪ್ರಿಲ್-ಮೇದಲ್ಲಿ ಒಂದು ತೊಂದರೆ: ಸಾದಾ ಇನ್‌ಕ್ಯುಬೇಟರ್‌ಗೆ ಬಿಸಿ ಮಾಡುವುದು ಗೊತ್ತು, ತಣ್ಣಗೆ ಮಾಡುವುದು ಗೊತ್ತಿಲ್ಲ. ಕೋಣೆಯೇ 40 ದಾಟಿದರೆ ಅಗಾರ್ ಒಣಗಿ ಪ್ಲೇಕ್ ಸಣ್ಣದಾಗುತ್ತವೆ. ಒಳಗೆ ನೀರಿನ ಬಟ್ಟಲಿಡಿರಿ, ತಟ್ಟೆಗಳನ್ನು ಸಂಜೆಯ ಮೇಲೆ ಹಾಕಿರಿ.

ಇನ್ನೂ ಖಾತ್ರಿ ಬೇಕಿದ್ದರೆ ಜೆಲ್: ಅದು ಡಿಎನ್‌ಎಯನ್ನು ಉದ್ದದ ಪ್ರಕಾರ ಬೇರ್ಪಡಿಸಿ ಗೆರೆಗಳಾಗಿ ತೋರಿಸುತ್ತದೆ. ಮೊದಲು ಡಿಎನ್‌ಏಸ್ ಹಾಕಿ ಹೊರಗೆ ತೇಲುವ ಡಿಎನ್‌ಎ ಅಳಿಸಿ, ಇಡಿಟಿಎ ಹಾಕಿ ಅದನ್ನು ನಿಲ್ಲಿಸಿ, ಆಮೇಲೆ ಎಸ್‌ಡಿಎಸ್ ಮತ್ತು ಪ್ರೋಟೀನೇಸ್ ಕೆ ಜೊತೆ 56 ಡಿಗ್ರಿಯಲ್ಲಿ ಒಂದು ತಾಸು ಇಟ್ಟು ತಲೆ ಒಡೆಯಿರಿ. ಜೆಲ್‌ಗೆ ಹಾಕುವ ಮುಂಚೆ 70 ಡಿಗ್ರಿಯಲ್ಲಿ 10 ನಿಮಿಷ ಇಟ್ಟು ತಕ್ಷಣ ಐಸ್‌ಗೆ ಹಾಕಿರಿ. ಇದನ್ನು ಬಿಟ್ಟರೆ ಎರಡು ಪಿ4 ಡಿಎನ್‌ಎಗಳ 19 ಬೇಸ್‌ನ ಅಂಟು ತುದಿಗಳು ಕೂಡಿಕೊಂಡು 23 ಸಾವಿರದಲ್ಲಿ ಗೆರೆ ಬರುತ್ತದೆ, ಹೊಸ ವೈರಸ್ ಸಿಕ್ಕಿತೆಂದು ಮೋಸಹೋಗುತ್ತೀರಿ. ಬಿಸಿ ಮಾಡಿದರೂ ಆ ಗೆರೆ ಉಳಿದರೆ ಸಿಡ್ ಜೀನಿನ ಮೇಲೆ ಕಣ್ಣಿಡಿರಿ: ಸಿಡ್ ಕೆಟ್ಟ ಪಿ4, ಪಿ2ರ ದೊಡ್ಡ ತಲೆಯಲ್ಲೇ ತನ್ನ ಎರಡು-ಮೂರು ಪ್ರತಿ ತುಂಬಿಕೊಳ್ಳುತ್ತದೆ.