ಬೆಳಗಾವಿಯ ಕುಂಡದಲ್ಲಿ ಕಾಂಡ್ಲಾ: ನನ್ನ ಅನುಭವ

ಕಾಂಡ್ಲಾ ಅಂದರೆ ಕರಾವಳಿಯ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡ. ಇದರ ಸಸಿಗೆ ಮೊದಲ ದಿನದಿಂದಲೇ ಉಪ್ಪುನೀರು ಬೇಕು ಎಂದುಕೊಳ್ಳುವವರೇ ಹೆಚ್ಚು. ಬೇಕಿಲ್ಲ. ಶುರುವಿಗೆ ನಳದ ನೀರೇ ಸಾಕು. ಬಿಟ್ಟಿರಲಾರದ್ದು ನೀರಿನ ಏರಿಳಿತ.

ಕಾಲೇಜಿನ ಪ್ರಯೋಗಕ್ಕೆ ಮಳೆಗಾಲದಲ್ಲಿ ಅರಣ್ಯ ಇಲಾಖೆಯ ಅನುಮತಿ ಪಡೆದು, ಕಾರವಾರದ ಕಾಳಿ ನದಿ ದಂಡೆಯಿಂದ ರೈಜೋಫೊರಾ ಎಂಬ ಕಾಂಡ್ಲಾ ಜಾತಿಯ ಮೊಳಕೆಗಳನ್ನು ತಂದೆವು. ಇದರ ಬೀಜ ಮರದ ಮೇಲೆಯೇ ಮೊಳೆತು ನುಗ್ಗೆಕಾಯಿಯಂತೆ ಜೋತಾಡುತ್ತದೆ. ಉದುರಿದ್ದನ್ನಷ್ಟೇ ಆರಿಸಬೇಕು; ತೂತಿದ್ದರೆ ಒಳಗೆ ಹುಳ ಹೊಕ್ಕಿದೆ ಎಂದೇ ಲೆಕ್ಕ. ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಲ್ಲಿ ತನ್ನಿ.

ಬರೀ ಎರೆಮಣ್ಣು ಒಣಗಿದರೆ ಬಿರಿದು ಬೇರು ಹರಿಯುತ್ತದೆ, ಅರ್ಧದಷ್ಟು ಮರಳು ಬೆರೆಸಿ. ಚೂಪು ಬಾಲ ಕೆಳಗೆ, ಮೊಗ್ಗಿನ ತುದಿ ಮೇಲೆ. ಉದ್ದದ ಮೂರನೇ ಒಂದು ಪಾಲು ಹೂತರೆ ಸಾಕು. ತಲೆಕೆಳಗು ನೆಟ್ಟು ಚಿಗುರಿಗೆ ಕಾಯುವವರನ್ನೂ ಕಂಡಿದ್ದೇನೆ! ಅವಿಸೆನ್ನಿಯಾ ಎಂಬ ಇನ್ನೊಂದು ಕಾಂಡ್ಲಾ ಜಾತಿಯ ಬೀಜವನ್ನು ರಾತ್ರಿ ನೆನೆಸಿದರೆ ಸಿಪ್ಪೆ ತಾನೇ ಬಿಡುತ್ತದೆ. ಅದನ್ನು ಕೆಸರಿನ ಮೇಲಿಡಿ, ಹೂತರೆ ಕೊಳೆಯುತ್ತದೆ.

ಕುಂಡಗಳನ್ನು ತಳದಲ್ಲಿ ನಳವಿರುವ ತೊಟ್ಟಿಯಲ್ಲಿಟ್ಟು ಬೆಳಿಗ್ಗೆ, ಸಂಜೆ ನೀರು ತುಂಬಿ ಕೆಲವು ಗಂಟೆಯ ನಂತರ ಇಳಿಸುತ್ತೇವೆ. ಕೆಸರಲ್ಲಿ ಗಾಳಿಯಿಲ್ಲ, ಬೇರಿಗೆ ಆಮ್ಲಜನಕ ಸಿಗುವುದು ಮೇಲಿನ ಬೇರುಗಳ ಸಣ್ಣ ರಂಧ್ರಗಳಿಂದ. ಅವು ಸದಾ ಮುಳುಗಿದರೆ ಗಿಡ ಉಸಿರುಕಟ್ಟಿ ಸಾಯುತ್ತದೆ. ಕರಾವಳಿಯಲ್ಲಿ ಕಟ್ಟೆ ಹಾಕಿ ಉಬ್ಬರವಿಳಿತ ತಡೆದಲ್ಲಿ ಕಾಂಡ್ಲಾ ಕಾಡು ಒಣಗುವುದೂ, ಬೇರಿನ ಸಂದಿಯಲ್ಲಿ ಬೆಳೆಯುವ ಸಿಗಡಿ, ಮೀನುಮರಿಗಳು ನೆಲೆ ಕಳೆದುಕೊಳ್ಳುವುದೂ ಇದೇ ಕಾರಣಕ್ಕೆ.

ನಾಲ್ಕೆಲೆ ಬಂದ ಮೇಲೆ ಅಯೋಡಿನ್ ಇಲ್ಲದ ಉಪ್ಪು: ಲೀಟರಿಗೆ 5 ಗ್ರಾಂ, ವಾರಕ್ಕೆ 5ರಂತೆ ಏರಿಸಿ 15ಕ್ಕೆ ನಿಲ್ಲಿಸಿ. ಸಮುದ್ರದಲ್ಲಿ ಇರುವುದು ಸುಮಾರು 35. ಅವಿಸೆನ್ನಿಯಾ ಎಲೆಯನ್ನು ನಾಲಿಗೆಗೆ ತಾಗಿಸಿದರೆ ಉಪ್ಪು ಹತ್ತುತ್ತದೆ. ಅದು ಎಲೆಯಿಂದ ಉಪ್ಪನ್ನು ಹೊರಹಾಕುತ್ತದೆ. ರೈಜೋಫೊರಾ ಬಹುಪಾಲನ್ನು ಬೇರಿನಲ್ಲೇ ಸೋಸಿಬಿಡುತ್ತದೆ.

ಏಪ್ರಿಲ್ ಬಿಸಿಲಿಗೆ ಆರಿದ ನೀರಿನ ಬದಲಿಗೆ ಮತ್ತೆ ಉಪ್ಪುನೀರನ್ನೇ ಸುರಿದು ಎಲೆಯಂಚು ಸುಡಿಸಿದ್ದುಂಟು. ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿದು ಗಟ್ಟಿಯಾಗುತ್ತದೆ. ಆರಿದಷ್ಟಕ್ಕೆ ಸಿಹಿನೀರೇ ಹಾಕಿ.

ಸವಳು ಹೊಲಕ್ಕೆ ಕಾಂಡ್ಲಾ ಹಾಕಬಹುದೇ ಎಂದು ಅಥಣಿ, ರಾಯಬಾಗ ಕಡೆಯ ರೈತರು ಕೇಳುತ್ತಾರೆ. ಬೇಡ. ಅಲ್ಲಿ ಉಪ್ಪು ತೊಳೆಯುವ ಉಬ್ಬರವಿಲ್ಲ; ಅಲ್ಲಿಗೆ ಬೇಕಾದ್ದು ಬಸಿಗಾಲುವೆ. ತೊಟ್ಟಿಯ ಹಳೆ ನೀರನ್ನೂ ಕೈತೋಟಕ್ಕೆ ಬಿಡಬೇಡಿ.