ಮಗಳು ಒಂದು ಮೀಟರ್ ನಲವತ್ತು ಆಗುವವರೆಗೆ

2022ರ ನವೆಂಬರ್. ನಾವು ಹ್ಯಾಂಬರ್ಗಿಗೆ ಬಂದು ಎರಡೇ ತಿಂಗಳಾಗಿತ್ತು. ಆಫೀಸಿನ ಜೊತೆಗಾರನೊಬ್ಬ "ಶುಕ್ರವಾರ ಸಂಜೆ ಡೋಮ್‌ಗೆ ಹೋಗ್ತಿದೀವಿ, ಮನೆಯವರನ್ನೂ ಕರ್ಕೊಂಡು ಬಾ" ಎಂದ. ಜರ್ಮನ್ನಿನಲ್ಲಿ ಡೋಮ್ ಎಂದರೆ ದೊಡ್ಡ ಚರ್ಚು, ಕಲೋನಿನಲ್ಲಿದೆಯಲ್ಲ ಅಂಥದ್ದು. ಅಷ್ಟು ಜರ್ಮನ್ ನನಗೂ ಬರುತ್ತಿತ್ತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೆ, ಮಗಳ ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿಸಿದೆವು. ಸಾಂಕ್ಟ್ ಪೌಲಿ ಸ್ಟೇಷನ್ನಿನಲ್ಲಿ ಇಳಿದು ಮೇಲೆ ಬಂದರೆ ಚರ್ಚೂ ಇಲ್ಲ, ಗಂಟೆಯೂ ಇಲ್ಲ. ಆಕಾಶದ ತುಂಬ ಕೆಂಪು ನೀಲಿ ದೀಪ, ಬಾದಾಮಿ ಹುರಿಯುವ ಸಕ್ಕರೆಯ ವಾಸನೆ, ಎಲ್ಲೋ ಮೇಲಿಂದ ನೂರು ಜನ ಒಟ್ಟಿಗೆ ಕಿರುಚುವ ಸದ್ದು. ಮಗಳು ನನ್ನ ಕೈ ಬಿಡಿಸಿಕೊಂಡಳು. "ಅಪ್ಪಾ, ಇದು ಜಾತ್ರೆ!"

ಅವಳು ಹೇಳಿದ್ದೇ ಸರಿ. ಒಂದು ಕಾಲದಲ್ಲಿ ಈ ಊರಲ್ಲಿ ನಿಜವಾಗಿಯೂ ಮೇರಿಯ ಹೆಸರಿನ ದೊಡ್ಡ ಚರ್ಚಿತ್ತು. ಮಳೆ ಗಾಳಿ ಜೋರಾದಾಗ ವ್ಯಾಪಾರಿಗಳು, ದೊಂಬರಾಟದವರು ಅದರೊಳಗೆ ಹೊಕ್ಕು ಅಂಗಡಿ ಹಚ್ಚುತ್ತಿದ್ದರು. 1334ರಲ್ಲಿ ಆರ್ಚ್‌ಬಿಷಪ್ಪರು ಅವರನ್ನೆಲ್ಲ ಹೊರಗೆ ಹಾಕಿದರು. ಮೂರು ವರ್ಷಕ್ಕೆ ಮನಸ್ಸು ಕರಗಿ, ಹವೆ ಕೆಟ್ಟಾಗ ಮಾತ್ರ ಒಳಗೆ ಬರಬಹುದೆಂದರು. ಹ್ಯಾಂಬರ್ಗಿನಲ್ಲಿ ಹವೆ ಕೆಡದ ದಿನ ಯಾವುದು ಎಂದು ಇಲ್ಲಿ ಒಂದು ಚಳಿಗಾಲ ಕಳೆದವರು ಕೇಳಬೇಕು. 1804ರಿಂದ ಶುರುಮಾಡಿ ಆ ಚರ್ಚನ್ನು ಕೆಡವಿದರು. ಜಾತ್ರೆ ಊರ ಚೌಕಗಳಲ್ಲಿ ಚದುರಿ, 1893ರಿಂದ ಹೈಲಿಗೆನ್‌ಗೈಸ್ಟ್‌ಫೆಲ್ಡ್ ಎಂಬ ಈ ಬಯಲಿಗೆ ಬಂದು ನಿಂತಿತು. ದೇವರ ಮನೆ ಹೋಯಿತು, ಅದರ ಹೆಸರು ಜಾತ್ರೆಗೆ ಉಳಿಯಿತು. ನಾನು ಸಿರ್ಸಿಯವನು. ನಮ್ಮಲ್ಲಿ ಮಾರಿಕಾಂಬೆ ಗದ್ದುಗೆಗೆ ಬಂದರೇ ಜಾತ್ರೆ, ಅದೂ ಎರಡು ವರ್ಷಕ್ಕೊಮ್ಮೆ. ಇಲ್ಲಿ ವಸಂತಕ್ಕೊಂದು, ಬೇಸಿಗೆಗೊಂದು, ಚಳಿಗಾಲಕ್ಕೊಂದು, ಪ್ರತಿಯೊಂದೂ ಸುಮಾರು ತಿಂಗಳು. ಹೀಗಾಗಿ ನಮ್ಮ ಮನೆಯಲ್ಲಿ ಕಾಲ ಎಣಿಸುವುದೇ ಡೋಮ್ ಲೆಕ್ಕದಲ್ಲಿ.

ಮೊದಲ ಡೋಮ್‌ನಲ್ಲಿ ನಾನು ಮಾಡಿದ್ದೆಲ್ಲ ತಪ್ಪು. ಹೋದ ತಕ್ಷಣ ಆಲೂಗಡ್ಡೆ ತುರಿದು ಕರಿಯುವ ರೈಬೆಕೂಖೆನ್ ಮೂರು ತಿಂದೆ, ಜೊತೆಗೆ ಸೇಬಿನ ಗೊಜ್ಜು. ಮೇಲೆ ಒಂದು ಲೋಟ ಬಿಸಿ ಚಾಕೊಲೆಟ್. ಜೊತೆಗಾರ "ಬ್ರೇಕ್ ಡ್ಯಾನ್ಸ್‌ಗೆ ಹೋಗೋಣ" ಎಂದ. ಹೆಸರಿನಿಂದ ಕುಣಿಯುವ ಜಾಗವೆಂದುಕೊಂಡೆನಾದರೂ ಅದು ಓರೆಯಾಗಿ ತಿರುಗುವ ದೊಡ್ಡ ತಟ್ಟೆ. ತಟ್ಟೆಯ ಮೇಲೆ ನಾಲ್ಕು ಶಿಲುಬೆ, ಒಂದೊಂದು ಶಿಲುಬೆಗೆ ನಾಲ್ಕು ತೊಟ್ಟಿಲು. ತಟ್ಟೆ ಒಂದು ಕಡೆ ತಿರುಗಿದರೆ ಶಿಲುಬೆ ಇನ್ನೊಂದು ಕಡೆ, ತೊಟ್ಟಿಲು ತನಗಿಷ್ಟ ಬಂದ ಕಡೆ. ತೊಟ್ಟಿಲಿಗೆ ಮೋಟರ್ ಇಲ್ಲ, ಕೂತವರ ಭಾರ ಯಾವ ಪಕ್ಕಕ್ಕಿದೆ ಎಂಬುದರ ಮೇಲೆ ಅದರ ಗಿರಗಿರ. ಜೊತೆಗಾರ ನೂರು ಕಿಲೋದ ಆಳು, ನಾನು ಅರವತ್ತೆರಡು. ಮುಂದಿನದ್ದು ಹೇಳಬೇಕಿಲ್ಲ. ಗಾಜಿನ ಗೂಡಿನಲ್ಲಿ ಕೂತು ಮೈಕ್ ಹಿಡಿದವನು "ಇನ್ನೂ ಜೋರಾಗಿ ಬೇಕಾ?" ಎಂದು ಕೇಳುತ್ತಾನೆ. ಈ ಮೈಕಿನವರಿಗೆ ರೆಕಮಾಂಡ್ಯೂರ್ ಎನ್ನುತ್ತಾರೆ, ನಮ್ಮ ನಾಟಕ ಕಂಪನಿಯವರ ಜಾತಿಯೇ. ಹದಿನೈದು ತೊಟ್ಟಿಲಿನವರು "ಯಾ!" ಎಂದರು. ನಾನು ಕನ್ನಡದಲ್ಲಿ "ಬ್ಯಾಡೋ" ಎಂದೆ. ಇಳಿದ ಮೇಲೆ ಒಂದು ಗುಡಾರದ ಹಿಂದೆ ಜನರೇಟರಿನ ಪಕ್ಕ ಬಗ್ಗಿ ನಿಂತಾಗ ಮೂರೂ ರೈಬೆಕೂಖೆನ್ ವಾಪಸ್ ಬಂದವು. ಹೆಂಡತಿ ಬೆನ್ನು ಸವರುತ್ತಾ ಅಂದಳು, "ಸಿರ್ಸಿ ಜಾತ್ರೆಯಲ್ಲೂ ಹೀಗೇ ಆಗಿತ್ತಂತೆ, ಅತ್ತೆ ಹೇಳ್ತಿದ್ರು. ಅಲ್ಲಿ ಮಿರ್ಚಿ ಭಜಿ."

ಅಲ್ಲಿಗೇ ಬಿಡುತ್ತಿದ್ದೆ. ಬಿಡಲು ಬಿಡದ್ದು ಅಳತೆ ಕೋಲು. ದೊಡ್ಡ ಸವಾರಿಗಳ ಬಾಗಿಲಲ್ಲಿ ಒಂದು ಬಣ್ಣದ ಹಲಗೆ ಇರುತ್ತದೆ. ಇಷ್ಟು ಎತ್ತರದ ಕೆಳಗಿನವರಿಗೆ ಪ್ರವೇಶವಿಲ್ಲ, ಇಷ್ಟರಿಂದ ಇಷ್ಟರವರೆಗೆ ದೊಡ್ಡವರ ಜೊತೆ ಮಾತ್ರ, ಅದಕ್ಕಿಂತ ಮೇಲಾದರೆ ಒಬ್ಬರೇ. ಅಂಕಿ ಸವಾರಿಗೊಂದು ಥರ, ಆದರೆ ಒಂದು ಮೀಟರ್ ಇಪ್ಪತ್ತು, ಒಂದು ಮೀಟರ್ ನಲವತ್ತು ಎಂಬ ಎರಡು ಗೆರೆ ಪದೇ ಪದೇ ಕಾಣುತ್ತವೆ. ಮಗಳು ಆಗ ಒಂದು ಮೀಟರ್ ಇಪ್ಪತ್ತೊಂದು. ಎಂದರೆ ಅರ್ಧ ಜಾತ್ರೆಗೆ ಅವಳಿಗೆ "ಜೊತೆಗಾರ" ಬೇಕು. ಅವಳಮ್ಮ ವಿಮಾನದ ಭಾಗ ತಯಾರಿಸುವ ಕಾರ್ಖಾನೆಯಲ್ಲಿ ಎಂಜಿನಿಯರ್, ಆದರೆ ಎತ್ತರವೆಂದರೆ ಮೂರನೇ ಮಹಡಿಯ ಬಾಲ್ಕನಿಯಲ್ಲೂ ಗೋಡೆ ಹಿಡಿಯುವವಳು. ಉಳಿದದ್ದು ನಾನು.

ಎರಡನೇ ಡೋಮ್‌ಗೆ ಹೆಂಡತಿ ಒಂದು ನಿಯಮ ಹಾಕಿದಳು: ಯಾವುದಕ್ಕೂ ದುಡ್ಡು ಕೊಡುವ ಮೊದಲು ಕೆಳಗೆ ನಿಂತು ಮೂರು ಸುತ್ತು ನೋಡಬೇಕು. ಇದಕ್ಕಿಂತ ಒಳ್ಳೆಯ ಸಲಹೆ ನನಗೆ ಯಾರೂ ಕೊಟ್ಟಿಲ್ಲ. ಮೊದಲ ಸುತ್ತಿನಲ್ಲಿ ದೀಪ, ಹಾಡು, ಕಿರುಚಾಟವಷ್ಟೇ ಕಾಣುತ್ತದೆ. ಎರಡನೆಯದರಲ್ಲಿ ಯಂತ್ರ ಕಾಣಲು ಶುರುವಾಗುತ್ತದೆ: ಎಲ್ಲಿ ನಿಧಾನ, ಎಲ್ಲಿ ಜೋರು, ಹಿಂದಕ್ಕೆ ತಿರುಗುವುದು ಯಾವಾಗ. ಮೂರನೆಯದರಲ್ಲಿ ಇಳಿದು ಬರುವವರ ಮುಖ ನೋಡಬೇಕು. ನಗುತ್ತಾ ಬಂದರೆ ಸರಿ. ಮಾತಿಲ್ಲದೆ ನೇರ ಬೆಂಚಿನ ಕಡೆ ನಡೆದರೆ ನಮ್ಮ ದಾರಿ ಬೇರೆ.

ಶುರುಮಾಡಿದ್ದು ಸರಪಳಿ ಉಯ್ಯಾಲೆಯಿಂದ, ಕೆಟ್ಟೆನ್‌ಕರುಸೆಲ್. ಕೊಡೆಯಂಥ ಚಾವಣಿಗೆ ಸರಪಳಿಯಲ್ಲಿ ಕುರ್ಚಿ ಕಟ್ಟಿರುತ್ತಾರೆ, ಚಾವಣಿ ತಿರುಗಿದಂತೆ ಕುರ್ಚಿ ಹೊರಕ್ಕೆ ಹಾರುತ್ತದೆ. ನನ್ನ ಭಾರಕ್ಕೆ ನಾನು ಹೆಚ್ಚು ಹೊರಗೆ ಹೋಗುತ್ತೇನೆಂದು ಹೆದರಿದ್ದೆ. ಹೆಂಡತಿ ನಕ್ಕಳು. "ನೋಡ್ತಾ ಇರಿ, ನೀವೂ ಅವಳೂ ಒಂದೇ ಓರೆಯಲ್ಲಿ ಇರ್ತೀರಿ." ಹಾಗೇ ಆಯಿತು. ಒಂದೇ ಸಾಲಿನ ಕುರ್ಚಿಗಳು ಎಷ್ಟು ಓರೆಯಾಗುತ್ತವೆ ಎಂಬುದು ವೇಗದ ಮಾತು, ಕೂತವರ ತೂಕಕ್ಕೂ ಅದಕ್ಕೂ ಸಂಬಂಧವಿಲ್ಲ. ಇಪ್ಪತ್ಮೂರು ಕಿಲೋದ ಮಗಳೂ ಅರವತ್ತೆರಡರ ಅಪ್ಪನೂ ಪಕ್ಕಪಕ್ಕದಲ್ಲಿ ಒಂದೇ ಗೆರೆಯಲ್ಲಿ ತೂಗಿದೆವು. ಚಳಿಗಾಲದಲ್ಲಾದರೆ ಕೈಗವಸು ಬೇಕೇ ಬೇಕು, ಆ ಎತ್ತರದ ಗಾಳಿಗೆ ಸರಪಳಿ ಮಂಜುಗಡ್ಡೆಯಂತಾಗಿರುತ್ತದೆ. ಕುತ್ತಿಗೆಯ ಸ್ಕಾರ್ಫ್ ಮಾತ್ರ ಬಿಚ್ಚಿ ಒಳಜೇಬಿಗೆ ಹಾಕಬೇಕು.

ಹೊಟ್ಟೆ ತೊಳಸುವ ಕಾಯಿಲೆಗೆ ಮದ್ದು ಸಿಕ್ಕಿದ್ದೂ ಅದೇ ಉಯ್ಯಾಲೆಯಲ್ಲಿ. ಕಿವಿಯೊಳಗಿನ ಸಮತೋಲನದ ಅಂಗ "ತಿರುಗ್ತಾ ಇದೀವಿ" ಎನ್ನುತ್ತದೆ. ಎದುರಿನ ಕಂಬಿಯನ್ನೇ ದಿಟ್ಟಿಸಿದರೆ, ಕಣ್ಣು "ಇಲ್ಲ, ನಿಂತಿದೀವಿ" ಎನ್ನುತ್ತದೆ. ಇಬ್ಬರ ಜಗಳದಲ್ಲಿ ಹೊಟ್ಟೆ ಬಡವಾಗುತ್ತದೆ. ಬ್ರೇಕ್ ಡ್ಯಾನ್ಸಿನಲ್ಲಿ ನಾನು ಎದುರಿನ ಕಂಬಿಗೇ ಕಣ್ಣು ನೆಟ್ಟು ಕೂತಿದ್ದೆ, ಅದೇ ದೊಡ್ಡ ತಪ್ಪು. ಉಯ್ಯಾಲೆಯಲ್ಲಿ ದೂರಕ್ಕೆ ನೋಡಿದೆ. ಬಯಲಿನ ಒಂದು ಅಂಚಿಗೆ ಮಿಲರ್ನ್‌ಟೋರ್ ಫುಟ್‌ಬಾಲ್ ಮೈದಾನ, ಇನ್ನೊಂದು ಅಂಚಿಗೆ ಯುದ್ಧಕಾಲದ ಬೂದು ಬಂಕರ್. ಮೈದಾನ, ಬಂಕರ್, ಮೈದಾನ, ಬಂಕರ್ ಎಂದು ಎಣಿಸುತ್ತಾ ಹೋದೆ, ಇಳಿದಾಗ ಹೊಟ್ಟೆ ತನ್ನ ಜಾಗದಲ್ಲಿಯೇ ಇತ್ತು. ಜೇಬಿನಲ್ಲಿ ಶುಂಠಿ ಪೆಪ್ಪರ್‌ಮಿಂಟೂ ಇರುತ್ತದೆ, ಊರಿನ ಅಭ್ಯಾಸ.

ಅಲ್ಲಿಂದ ವಿಲ್ಡೆ ಮೌಸ್, ಎಂದರೆ ಹುಚ್ಚು ಇಲಿ. ಇದರ ಬಗ್ಗೆ ನನಗೆ ಪಕ್ಷಪಾತವಿದೆ. ಐದು ಸುರುಳಿಯ ಒಲಿಂಪಿಯಾ ಲೂಪಿಂಗ್ 1989ರಲ್ಲಿ ಮ್ಯೂನಿಕ್ಕಿನ ಅಕ್ಟೋಬರ್‌ಫೆಸ್ಟಿಗೆ ಬಂದಾಗಿನಿಂದ ಜನ ಅದನ್ನೇ ಹೊಗಳುತ್ತಾರೆ, ಬಿಚ್ಚಿ ಊರೂರಿಗೆ ಒಯ್ಯುವ ಕೋಸ್ಟರುಗಳಲ್ಲಿ ಅದೇ ದೊಡ್ಡದು. ಇರಲಿ. ಹುಚ್ಚು ಇಲಿಯಲ್ಲಿ ಸುರುಳಿಯೂ ಇಲ್ಲ, ಭಾರಿ ಎತ್ತರವೂ ಇಲ್ಲ. ನಾಲ್ಕು ಜನರ ಪುಟ್ಟ ಡಬ್ಬಿ ನಿಧಾನಕ್ಕೆ ಮೇಲೆ ಹೋಗಿ, ಅಂಕುಡೊಂಕು ಹಳಿಯ ಮೇಲೆ ಓಡುತ್ತದೆ, ಅಷ್ಟೇ. ಆದರೆ ಪ್ರತಿ ತಿರುವಿನಲ್ಲೂ ಡಬ್ಬಿ ಹಳಿ ಬಿಟ್ಟು ಗಾಳಿಗೆ ಹಾರಿಯೇ ಬಿಟ್ಟಿತು ಅನಿಸುತ್ತದೆ, ಕೊನೆಯ ಗಳಿಗೆಯಲ್ಲಿ ಗಕ್ಕನೆ ತಿರುಗುತ್ತದೆ. ಕೆಳಗೆ ನಿಂತು ನೋಡುವಾಗ ಗುಟ್ಟು ಗೊತ್ತಾಯಿತು: ಮುಂದಿನ ಚಕ್ರಗಳು ಡಬ್ಬಿಯ ಮೂತಿಯ ಕೆಳಗಿಲ್ಲ, ಸಾಕಷ್ಟು ಹಿಂದಿವೆ. ಚಕ್ರ ತಿರುವು ಮುಟ್ಟುವ ಹೊತ್ತಿಗೆ ನಮ್ಮ ಮೊಣಕಾಲು ಹಳಿಯ ಆಚೆ ಶೂನ್ಯದಲ್ಲಿರುತ್ತದೆ. ಗುಟ್ಟು ತಿಳಿದ ಮೇಲೂ ಪ್ರತಿ ಸಲ ನನ್ನ ಬಲಗಾಲು ಇಲ್ಲದ ಬ್ರೇಕ್ ಒತ್ತುತ್ತದೆ. ಮಗಳು ಅದನ್ನೇ ನೋಡಿ ನಗುತ್ತಾಳೆ.

ಇಷ್ಟರಲ್ಲಿ ಇನ್ನೊಂದು ಹೆದರಿಕೆ ಒಳಗೇ ಕೊರೆಯುತ್ತಿತ್ತು. ನಿನ್ನೆ ಲಾರಿಯಲ್ಲಿ ಬಂದದ್ದು, ಇಂದು ನೆಟ್ಟದ್ದು, ತಿಂಗಳಾದರೆ ಬಿಚ್ಚಿಕೊಂಡು ಹೋಗುವುದು. ಒಂದು ಬೋಲ್ಟು ಮರೆತರೆ? ಇಲ್ಲಿನ ಕಾನೂನಿನಲ್ಲಿ ಇಂಥವಕ್ಕೆ "ಹಾರುವ ಕಟ್ಟಡಗಳು" ಎಂಬ ಹೆಸರೇ ಇದೆ, ಫ್ಲೀಗೆಂಡೆ ಬಾವ್ಟೆನ್. ಹೆಸರು ಕೇಳಿ ಧೈರ್ಯ ಬರುವ ಹಾಗಿಲ್ಲ, ವ್ಯವಸ್ಥೆ ಮಾತ್ರ ಗಟ್ಟಿ. ಪ್ರತಿ ದೊಡ್ಡ ಸವಾರಿಗೂ ಒಂದು ತಪಾಸಣೆ ಪುಸ್ತಕ, ಊರಿಂದೂರಿಗೆ ಅದು ಯಂತ್ರದ ಜೊತೆಗೇ ಹೋಗುತ್ತದೆ. ಅವಧಿ ಮುಗಿಯುವ ಪರವಾನಗಿ, ಅದನ್ನು ಮುಂದುವರಿಸಬೇಕಾದರೆ ಪರಿಣತರ ಪರೀಕ್ಷೆ. ಹೊಸ ಊರಲ್ಲಿ ನೆಟ್ಟ ಮೇಲೆ ಸ್ಥಳೀಯ ಕಟ್ಟಡ ಇಲಾಖೆಯವರು ಬಂದು ನೋಡಿದ ನಂತರವೇ ಜನರನ್ನು ಕೂರಿಸುವುದು. ನನಗೆ ಅದಕ್ಕಿಂತ ಸಮಾಧಾನ ಕೊಟ್ಟದ್ದು ಶಾವ್‌ಷ್ಟೆಲ್ಲರ್ ಮನೆತನದವರು, ಎಂದರೆ ಈ ಸವಾರಿಗಳ ಒಡೆಯರು. ತಲೆಮಾರುಗಳಿಂದ ಇದೇ ಕಸುಬು, ಬಯಲಿನ ಹಿಂದೆ ಗಾಡಿಮನೆಗಳಲ್ಲೇ ವಾಸ. ಒಂದು ಬುಧವಾರ ಮಧ್ಯಾಹ್ನ ಬೇಗ ಹೋದಾಗ, ಸರಪಳಿ ಉಯ್ಯಾಲೆಯ ಯಜಮಾನಿ ಒಂದೊಂದೇ ಕುರ್ಚಿಯ ಕೊಂಡಿಯನ್ನು ಕೈಯಲ್ಲಿ ಎಳೆದೆಳೆದು ನೋಡುತ್ತಿದ್ದಳು. ಆಮೇಲೆ ಅವಳ ಮೊಮ್ಮಗನನ್ನೇ ಮೊದಲ ಸುತ್ತಿಗೆ ಕೂರಿಸಿದಳು.

ಬುಧವಾರ ಎಂದೆ. ಅದು ಕುಟುಂಬದ ದಿನ, ದರ ಕಡಿಮೆ. ಒಳಗೆ ಹೋಗಲು ದುಡ್ಡಿಲ್ಲ, ಸವಾರಿಗೊಂದೊಂದು ಟಿಕೆಟ್, ಬೇರೆ ದಿನಗಳಲ್ಲಿ ಮೂವರು ಹೋದರೆ ಕೈ ಸುಡುತ್ತದೆ. ಮಗಳಿಗೆ ನಾಲ್ಕು ಸವಾರಿ ಎಂದು ಮನೆಯಲ್ಲೇ ಹೇಳಿ ಹೊರಡುತ್ತೇವೆ, ಐದಾಗುತ್ತದೆ. ನಗದು ಇಟ್ಟುಕೊಂಡಿದ್ದರೆ ಒಳ್ಳೆಯದು. ಶುಕ್ರವಾರ ರಾತ್ರಿ ಹತ್ತೂವರೆಗೆ ಬಾಣಬಿರುಸು, ಅಂದು ಇಡೀ ಊರೇ ಅಲ್ಲಿರುತ್ತದೆ. ಮುಗಿದ ಮೇಲೆ ಎಲ್ಲರೂ ಸಾಂಕ್ಟ್ ಪೌಲಿ ಸ್ಟೇಷನ್ನಿಗೆ ನುಗ್ಗುತ್ತಾರೆ. ನಾವು ಹಿಂದಿನಿಂದ ಮೆಸ್ಸೆಹಾಲೆನ್ ಸ್ಟೇಷನ್ನಿಗೆ ನಡೆದುಬಿಡುತ್ತೇವೆ.

ತಿನ್ನುವುದು ಈಗ ಸವಾರಿ ಎಲ್ಲ ಮುಗಿದ ಮೇಲೆ. ನಮ್ಮಂಥ ಸಸ್ಯಾಹಾರಿಗಳಿಗೆ ಬೆಳ್ಳುಳ್ಳಿ ಸಾಸ್ ಹಾಕಿದ ಅಣಬೆ ಸಿಗುತ್ತದೆ, ಅಗಲ ಬಾಣಲೆಯಲ್ಲಿ ಎದುರಿಗೇ ಬಾಡಿಸಿ ಕೊಡುತ್ತಾರೆ. ರೈಬೆಕೂಖೆನ್ನಿಗೆ ಸಾಮಾನ್ಯವಾಗಿ ಮೊಟ್ಟೆ ಹಾಕಿರುತ್ತಾರೆ, ಇದು ನನಗೆ ತಿಳಿದದ್ದು ಎರಡು ವರ್ಷದ ನಂತರ. ಅಮ್ಮನಿಗೆ ಹೇಳಿಲ್ಲ. ಪುಟ್ಟ ದಿಂಬಿನಂತೆ ಉಬ್ಬಿ, ಮೇಲೆ ಸಕ್ಕರೆ ಪುಡಿ ಸುರಿಸಿಕೊಂಡು ಬರುವ ಷ್ಮಾಲ್ಟ್ಸ್‌ಕೂಖೆನ್ ಇದೆ. ಆ ಹೆಸರಿನ ಮೊದಲರ್ಧಕ್ಕೆ ಹಂದಿ ಕೊಬ್ಬು ಎಂದರ್ಥ. ಈಗ ಎಷ್ಟೋ ಕಡೆ ಸಸ್ಯದ ಎಣ್ಣೆಯಲ್ಲೇ ಕರಿಯುತ್ತಾರೆ, ಆದರೂ ಕೇಳಿಯೇ ತೆಗೆದುಕೊಳ್ಳಬೇಕು. ಯಾರನ್ನೂ ಏನೂ ಕೇಳಬೇಕಿಲ್ಲದ್ದು ತಾಮ್ರದ ಬಾಣಲೆಯಲ್ಲಿ ಸಕ್ಕರೆ ಪಾಕ ಹಿಡಿಸಿದ ಬಾದಾಮಿ. ಬಿಸಿಯಿದ್ದಾಗಲೇ ತಿನ್ನಬೇಕು, ಮನೆಗೆ ತಂದರೆ ಅದು ಬರೀ ಕಲ್ಲುಸಕ್ಕರೆ.

2024ರ ಬೇಸಿಗೆಯಲ್ಲಿ ಆ ಬೂದು ಬಂಕರಿನ ನೆತ್ತಿಯ ಮೇಲೆ ತೋಟ ಮಾಡಿ ಜನರಿಗೆ ಬಿಟ್ಟರು. 1942ರಲ್ಲಿ ವಿಮಾನಗಳಿಗೆ ಗುಂಡು ಹಾರಿಸಲು ಕಟ್ಟಿದ್ದು, ಬಾಂಬು ಬೀಳುವಾಗ ಸಾವಿರಾರು ಜನ ಅದರೊಳಗೆ ಅಡಗುತ್ತಿದ್ದರು. ಈಗ ಹೊರಗೋಡೆಯ ಸುತ್ತ ಗುಡ್ಡದ ಕಾಲುದಾರಿಯಂತೆ ಹತ್ತಿ ಹೋಗಬಹುದು, ಮೇಲೆ 58 ಮೀಟರ್. ನಾವು ಅಲ್ಲಿಂದಲೇ ಶುರುಮಾಡುತ್ತೇವೆ. ಬಯಲೆಲ್ಲ ತಟ್ಟೆಯಲ್ಲಿಟ್ಟಂತೆ ಕಾಣುತ್ತದೆ, ಯಾವುದು ಹೊಸದು ಬಂದಿದೆ, ಯಾವುದಕ್ಕೆ ಸಾಲು ಉದ್ದ, ಎಲ್ಲ ಅಲ್ಲೇ ತೀರ್ಮಾನ. ಹೆಂಡತಿ ಕೊನೆಯ ಸುತ್ತಿಗೆ ಮೊದಲೇ ನಿಂತುಬಿಡುತ್ತಾಳೆ. ಬಾಲ್ಕನಿ ಪರವಾಗಿಲ್ಲ ಅನ್ನಿಸೋ ಹಾಗಿದೆ ಎನ್ನುತ್ತಾಳೆ.

ಹತ್ತನೇ ಡೋಮ್ ಕಳೆದ ನವೆಂಬರಿನಲ್ಲಿ. ಆ ವಾರವೇ ಅಡುಗೆಮನೆಯ ಚೌಕಟ್ಟಿನಲ್ಲಿ ಮಗಳ ಪೆನ್ಸಿಲ್ ಗೆರೆ ಒಂದು ಮೀಟರ್ ನಲವತ್ತು ಮುಟ್ಟಿತ್ತು, ಜಡೆ ಇಲ್ಲದೆ. ಮೂರು ವರ್ಷದಿಂದ ಅವಳು ಕಣ್ಣಿಟ್ಟದ್ದು ದೊಡ್ಡ ಲೋಲಕದ ಸವಾರಿಗೆ. ಉದ್ದನೆಯ ತೋಳಿನ ತುದಿಗೆ ವೃತ್ತಾಕಾರವಾಗಿ ಕುರ್ಚಿ, ಕಾಲು ನೇತಾಡುತ್ತವೆ, ತೋಳು ಆಕಾಶಕ್ಕೆ ತೂಗಿದಂತೆ ಕುರ್ಚಿಗಳು ಬೇರೆ ತಿರುಗುತ್ತವೆ. ಬಾಗಿಲಲ್ಲಿ ಹುಡುಗನೊಬ್ಬ ಅಳತೆ ಹಲಗೆಗೆ ಅವಳನ್ನು ನಿಲ್ಲಿಸಿ ತಲೆಯಾಡಿಸಿದ. ಅವಳಿಗೆ ಇನ್ನು ಜೊತೆಗಾರ ಬೇಕಿಲ್ಲ. ನಾನು ಹಿಂದೆ ಸರಿದೆ. "ಅಪ್ಪಾ, ಬಾ ನೀನೂ, ಇದೊಂದ್ಸಲ" ಎಂದಳು.

ಕೂತೆವು. ಭುಜದ ಮೇಲೆ ಕಂಬಿ ಬಂತು, ಹುಡುಗ ಎರಡೆರಡು ಸಲ ಎಳೆದು ನೋಡಿದ. ತುದಿಗೆ ಹೋದಾಗ ಒಂದು ಗಳಿಗೆ ಭಾರವೇ ಇರುವುದಿಲ್ಲ, ಜೇಬಿನ ಕೀಲಿಕೈ ಕೂಡ ಹಗುರ. ಬಂಕರ್ ತಲೆಕೆಳಗಾಗಿ ಬಂತು, ಮೈದಾನ ಬಂತು, ಬಂದರಿನ ಕ್ರೇನುಗಳ ದೀಪ ಬಂತು. ಎಣಿಸುವುದು ಮರೆತಿದ್ದೆ. ನನ್ನ ಬಾಯಿಂದ ಬರುತ್ತಿದ್ದುದು ನಗು ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಇಳಿದಾಗ ಮಗಳ ಮುಖ ಬಿಳಿಚಿತ್ತು. ಮಾತಿಲ್ಲದೆ ನೇರ ಬೆಂಚಿನ ಕಡೆ ನಡೆದಳು. ಶುಂಠಿ ಪೆಪ್ಪರ್‌ಮಿಂಟ್ ಕೊಟ್ಟೆ, ಬೆನ್ನು ಸವರಿದೆ. ಐದು ನಿಮಿಷ ಬಿಟ್ಟು "ನಂಗಿದು ಬೇಡಪ್ಪ, ಇಲಿನೇ ಸಾಕು" ಎಂದಳು. ನಾನು ಲೋಲಕದ ಕಡೆ ನೋಡುತ್ತಿದ್ದೆ. ಸಾಲು ಸಣ್ಣದಿತ್ತು, ಅಂದು ಬುಧವಾರ.

"ಹೋಗು" ಎಂದಳು. "ಬ್ಯಾಗ್ ಇಲ್ಲಿ ಕೊಡು. ಕನ್ನಡಕಾನೂ ಕೊಡು."